ತಂಪು ಗಾಡಿ

ಅಜಿತನಿಗೆ ಬೆವರು ಬರುತ್ತಿರಲಿಲ್ಲ.

ಹುಟ್ಟಿದಾಗ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಖಾನಾಪುರದ ಚಳಿಯಲ್ಲಿ ಹುಟ್ಟಿದ ಕೂಸು. ತಲೆಯಲ್ಲಿ ಕೂದಲು ತೆಳುವಾಗಿತ್ತು, ಮೈ ಒಣಒಣ ಇತ್ತು, ಅಷ್ಟೆ. ಬೇಸಿಗೆ ಬಂದಾಗ ಜ್ವರ ಶುರುವಾಯಿತು. ಮಧ್ಯಾಹ್ನ ಹೆಂಚಿನಂತೆ ಸುಡುವ ಮೈ ಸಂಜೆಗೆ ತಾನಾಗಿಯೇ ತಣಿಯುತ್ತಿತ್ತು. ದೃಷ್ಟಿ ತೆಗೆದರು, ಕಷಾಯ ಕುಡಿಸಿದರು, ಬಸದಿಯ ಗಂಧೋದಕ ಹಚ್ಚಿದರು. ಕಡೆಗೆ ಬೆಳಗಾವಿಯ ಮಕ್ಕಳ ಡಾಕ್ಟರೊಬ್ಬರು ಅವನ ಅಂಗೈಯನ್ನು ಭೂತಗನ್ನಡಿ ಹಿಡಿದು ನೋಡಿದರು, ಬಾಯಲ್ಲಿ ಮೂಡಿದ್ದ ನಾಲ್ಕು ಚೂಪು ಹಲ್ಲು ಮುಟ್ಟಿ ನೋಡಿದರು. ಈ ಮೈಗೆ ಬೆವರು ಬರುವುದೇ ಇಲ್ಲ, ಇದಕ್ಕೆ ಔಷಧವೂ ಇಲ್ಲ ಎಂದರು.

"ಸೆಕಿ ತಾಗಬಾರದು. ಜ್ವರ ಏರಿದ್ರ ತಣ್ಣೀರ ಅರಬಿ ಸುತ್ತಿ ತಡಾ ಮಾಡದ ಕರಕೊಂಡ ಬರ್ರಿ. ಆದ್ರ ದಾರ್ಯಾಗ ಮತ್ತ ಕಾಯಬಾರದು. ನೆತ್ತಿಗೇರಿದ್ರ ಉಳ್ಯಾಂಗಿಲ್ಲ."

"ನಮ್ಮೂರಿಂದ ಇಲ್ಲಿಗೆ ಬಸ್ಸಿಗೆ ತಾಸಿನ ಮ್ಯಾಲ ಬೇಕ್ರಿ. ಕಾಯದಂಗ ಹೆಂಗ ತರೂಣ್ರಿ?" ತಾಯಿ ರತ್ನಮಾಲಾ ಕೇಳಿದಳು.

ಉತ್ತರ ಅವಳ ಮನೆಯ ಹಿತ್ತಲಲ್ಲೇ ನಿಂತಿತ್ತು. ಅವಳ ಮಾವ ಪಾರೀಸಪ್ಪನದು ಹಂಚಿನ ಕಾರ್ಖಾನೆ. ಎಪ್ಪತ್ತರ ದಶಕದಲ್ಲಿ ಹಂಚಿಗೆ ಒಳ್ಳೆಯ ಧಾರಣೆ ಬಂದ ವರ್ಷ ಅವನು ಗೋವಾದ ಗಣಿ ಮಾಲಕನೊಬ್ಬನಿಂದ ಒಂದು ಕರಿ ಅಂಬಾಸೆಡರ್ ಕೊಂಡಿದ್ದ. ಅದರ ಡ್ಯಾಶ್‌ಬೋರ್ಡಿನ ಕೆಳಗೆ ಮುಂಬಯಿಯಲ್ಲಿ ಕೂರಿಸಿದ ಏಸಿ ಪೆಟ್ಟಿಗೆಯೊಂದು ಇತ್ತು. ಊರಿನವರು ಸರದಿಯಲ್ಲಿ ಬಂದು ಅದರ ಬಾಯಿಗೆ ಕೈಯೊಡ್ಡಿ ಹೋಗಿದ್ದರು. ಅಂದಿನಿಂದ ಅದು ತಂಪು ಗಾಡಿ. ಒಂದು ಬೇಸಿಗೆ ಕಳೆಯುವುದರಲ್ಲಿ ಏಸಿ ಕೆಟ್ಟಿತು, ಹೆಸರು ಮಾತ್ರ ಉಳಿಯಿತು. ಪಾರೀಸಪ್ಪ ಅದರ ಬಾಯಿಗೆ ತನ್ನ ಟೊಪ್ಪಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

ಎಂಬತ್ಮೂರರ ಹೋಳಿ ಹುಣ್ಣಿಮೆ ಆದ ಮೇಲೆ ಅಜಿತನಿಗೆ ಮತ್ತೆ ಜ್ವರ ಬಂತು. ಆಗ ಅವನಿಗೆ ನಾಲ್ಕು ತುಂಬಿತ್ತು. ಅದೇ ಗಾಡಿಯ ಗಾಜು ಇಳಿಸಿ ಬೆಳಗಾವಿಗೆ ಒಯ್ದರು. ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ಒದ್ದೆ ಮಾಡಿ ಸುತ್ತಿದ ಧೋತರ ದಾರಿಯಲ್ಲೇ ಒಣಗಿ ಗರಿಗರಿಯಾಯಿತು. ಹೇಗೋ ಹುಡುಗ ಉಳಿದ. ಮರುದಿನದಿಂದ ಮನೆಯಲ್ಲಿ ಮಾತು ಶುರುವಾಯಿತು.

ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹಾಗಾಗಿ ಆ ಮನೆಯ ಜಗಳಗಳೂ ಬೆಳಕಿರುವಾಗಲೇ ಹುಟ್ಟಿ ತಾಟು ಎತ್ತುವುದರೊಳಗೆ ಮುಗಿಯುತ್ತಿದ್ದವು. ಅಂದಿನದು ಮುಗಿಯಲಿಲ್ಲ.

"ಮಳಿ ಹತ್ತೂತನಾ ಕೂಸಿನ್ನ ಕರಕೊಂಡ ತವರಿಗೆ ಹೋಗಿ ಇರು," ಪಾರೀಸಪ್ಪ ರೊಟ್ಟಿ ಮುರಿಯುತ್ತ ಸೊಸೆಗೆ ಹೇಳಿದ. "ಬೆಳಗಾಂವಿ ರವಿವಾರ ಪೇಟ್ಯಾಗ ನಿಮ್ಮಣ್ಣನ ಮನಿ ಐತಿ. ಡಾಕ್ಟರ ಬಾಜೂಕ ಅದಾನ."

ರತ್ನಮಾಲಾ ಮಗನಿಗೆ ಹಾಲಿನಲ್ಲಿ ರೊಟ್ಟಿ ನೆನೆಸಿ ಕಿವುಚುತ್ತಿದ್ದಳು. ಅವನ ಹಲ್ಲಿಗೆ ಗಟ್ಟಿ ರೊಟ್ಟಿ ಆಗುತ್ತಿರಲಿಲ್ಲ.

"ಮುಂದಿನ ವರ್ಷ ಬ್ಯಾಸಗಿ ಬರೂದಿಲ್ಲೇನ್ರಿ ಮಾವಾರ?"

"ಬಂದ್ರ ಆಗೂ ಹೋಗು. ಯಾರ ಬ್ಯಾಡ ಅಂತಾರ?"

"ವರ್ಷಾ ಹಂಗ ಅಣ್ಣನ ಮನ್ಯಾಗ ಬೆಳದ್ರ, ಇದು ಅವಂಗ ಯಾರ ಮನಿ ಆಗತೈತ್ರಿ?"

ಪಾರೀಸಪ್ಪ ಮಗನ ಕಡೆ ನೋಡಿದ. ಬಾಹುಬಲಿ ತಲೆ ಎತ್ತದೆ, "ಗಾಡಿ ಏಸಿ ರಿಪೇರಿ ಮಾಡಸೂಣ ಅಪ್ಪಾ," ಎಂದ.

"ಭಟ್ಟಿ ಮುಂದ ನಿಂತ ಬೆಳದ ಮಂದಿ ನಾವು. ಈಗ ಗಾಡ್ಯಾಗ ಥಂಡಿ ಗಾಳಿ ಬೇಕಂತ. ಮಂದಿ ನಗತೈತಿ."

"ಮಂದಿಗೆ ಬೆವರ ಬರತೈತಿ ಅಪ್ಪಾ. ಇವಂಗ ಬರೂದಿಲ್ಲ."

ಒಲೆಯ ಬದಿಯಿಂದ ಪಾರೀಸಪ್ಪನ ಹೆಂಡತಿ ಚಂಪಾಬಾಯಿ ಹೇಳಿದಳು, "ಮಾಡಸ್ರಿ ಅತ್ತ. ಜೀವಕ್ಕಿಂತ ದೊಡ್ಡದು ಯಾವದೈತಿ?"

ಚಂಪಾಬಾಯಿ ಹಾಗೆಂದರೆ ಅದು ಬಾಯಿಮಾತಲ್ಲ. ನೀರನ್ನು ಅರಿವೆಯಲ್ಲಿ ಸೋಸಿ, ಅರಿವೆಗೆ ಅಂಟಿದ್ದನ್ನು ಮತ್ತೆ ಬಾವಿಗೇ ಬಿಡುವ ಹೆಂಗಸು. ಅಂಗಳದಲ್ಲಿ ಇರುವೆ ಸಾಲು ಕಂಡರೆ ಮನೆಯವರೆಲ್ಲ ಸುತ್ತುಹಾಕಿ ನಡೆಯಬೇಕು. ಧಾನ್ಯದ ಕೋಣೆಯಲ್ಲಿ ಇಲಿ ಹಿಡಿಯಲು ಒಂದು ತಂತಿಯ ಪಂಜರ ಇಟ್ಟಿದ್ದಳು. ಇಲಿ ಬಿದ್ದ ದಿನ ಬೆಳಿಗ್ಗೆ ಪಂಜರಕ್ಕೆ ಸೆರಗು ಮುಚ್ಚಿಕೊಂಡು ಹಿಂಬಾಗಿಲಿನಿಂದ ಹೋಗಿ, ಖಾಲಿ ಪಂಜರ ಹಿಡಿದು ಬರುತ್ತಿದ್ದಳು. ಎಲ್ಲಿ ಬಿಟ್ಟಿ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಇಲಿ ಹೋದರೆ ಸಾಕಾಗಿತ್ತು.

ಬಾಹುಬಲಿ ಗಾಡಿಯನ್ನು ಬೆಳಗಾವಿಯ ಆಟೋ ನಗರಕ್ಕೆ ಒಯ್ದ. ಅಲ್ಲಿ ಲಾರಿ ಬಿಚ್ಚುವವರು ನೂರು ಮಂದಿ, ಏಸಿ ಮುಟ್ಟುವವನು ಗುರುಪುತ್ರಪ್ಪ ಒಬ್ಬನೇ. ಫ್ರಿಜ್ ರಿಪೇರಿಯಿಂದ ಶುರುಮಾಡಿ ಪುಣೆಯಲ್ಲಿ ಆರು ತಿಂಗಳು ಕಾರಿನ ಕೆಲಸ ಕಲಿತು ಬಂದಿದ್ದ. ಕಲಿತದ್ದಕ್ಕಿಂತ ಹೇಳುವುದು ಒಂದು ಹಿಡಿ ಹೆಚ್ಚು. ಆದರೂ ಕೆಲಸಗಳ್ಳನಲ್ಲ. ಪೆಟ್ಟಿಗೆ ಇಳಿಸಿ ತೊಳೆದ, ಬೆಲ್ಟ್ ಹಾಕಿದ, ಹಳೆಯ ನಳಿಗೆಗಳನ್ನು ತೆಗೆದು ಹೊಸ ರಬ್ಬರ್ ನಳಿಗೆ ಜೋಡಿಸಿ ಗ್ಯಾಸ್ ತುಂಬಿದ. ತಣ್ಣನೆ ನಳಿಗೆಗೆ ಇಂಜಿನ್ನಿನ ಬಿಸಿ ತಾಗದಂತೆ ದಪ್ಪ ಉಣ್ಣೆಯ ಪಟ್ಟಿ ಸುತ್ತಿ, ದಾರ ಬಿಗಿದು ಮೇಲೆ ತಟ್ಟಿದ.

"ಈ ಸುತ್ತು ನೋಡ್ರಿ ಅಣ್ಣಾರ. ಪುಣೇದಾಗೂ ಹಿಂಗ ಸುತ್ತೂದಿಲ್ಲ."

ಗಾಡಿ ಮನೆಗೆ ಬಂದಾಗ ಅಜಿತನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಗಾಜು ಏರಿಸಿದರು. ಗಾಳಿ ಬಂತು. ಹುಡುಗ ಪೆಟ್ಟಿಗೆಯ ಬಾಯಿಗೆ ಮುಖವಿಟ್ಟ. ತಲೆಯ ಮೇಲಿನ ನಾಲ್ಕು ಕೂದಲು ಅಲುಗಿದವು.

"ಅವ್ವಾ, ಮಳಿ ಬಂತು," ಎಂದ.

ರತ್ನಮಾಲಾಳಿಗೆ ಅಳು ಬಂತು. ಅಂದು ರಾತ್ರಿ ಅವಳು ಎಷ್ಟೋ ತಿಂಗಳ ಮೇಲೆ ಮೊದಲ ಸಲ ಎಚ್ಚರವಾಗದೆ ಮಲಗಿದಳು.

ಎರಡು ವಾರ ಕಳೆಯಲಿಲ್ಲ. ಒಂದು ಬೆಳಿಗ್ಗೆ ಏಸಿ ಹಚ್ಚಿದರೆ ಬರೇ ಗಾಳಿ ಬಂತು, ತಂಪು ಬರಲಿಲ್ಲ. ಗುರುಪುತ್ರಪ್ಪ ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಎಲ್ಲಿಯೂ ಏಳಲಿಲ್ಲ. ಮತ್ತೆ ಗ್ಯಾಸ್ ತುಂಬಿದ. ಅದೂ ಹೋಯಿತು. ಹಾಗಾದರೆ ಕಂಪ್ರೆಸರಿನ ಸೀಲೇ ಸೋರುತ್ತಿದೆ ಎಂದು ಮುಂಬಯಿಯಿಂದ ಸೀಲು ತರಿಸಿ ಹಾಕಿದ. ತಾನೇ ಸುತ್ತಿದ ಉಣ್ಣೆಯ ಪಟ್ಟಿಯನ್ನು ಮಾತ್ರ ಬಿಚ್ಚಿ ನೋಡಲಿಲ್ಲ. ಅದರ ಮೇಲೆ ಅವನಿಗೆ ಅಷ್ಟು ಭರವಸೆ.

"ನಿನ್ನ ಗುರುಪುತ್ರಪ್ಪ ಗ್ಯಾಸ ತುಂಬತಾನೋ, ಬಾಯಿಲೆ ಊದತಾನೋ?" ಪಾರೀಸಪ್ಪ ಮಗನನ್ನು ಕೇಳಿದ. "ತೂತಬಿದ್ದ ಕೊಡಕ್ಕ ನೀರ ಹೊರೂ ಕೆಲಸ ಇದು. ಮೂರ ಭಟ್ಟಿ ಹಂಚಿನ ಲಾಭ ಹೋತು."

"ಮತ್ತ ಏನ ಮಾಡ್ಲಿ ಅಪ್ಪಾ? ಬಿಡ್ಲೇನು?"

"ನಾ ಹೇಳಿದ್ದ ಕೇಳಿದ್ರ ಇದೆಲ್ಲಾ ಇರತಿದ್ದಿಲ್ಲ. ತವರಿಗೆ ಕಳಸು ಅಂದ್ರ ಸೊಸಿಗೆ ಮಾನಾ ಅಡ್ಡ ಬರತೈತಿ."

"ಮಾನಾ ಅಲ್ರಿ ಮಾವಾರ," ರತ್ನಮಾಲಾ ಪಾತ್ರೆ ತಿಕ್ಕುತ್ತಲೇ ಹೇಳಿದಳು. "ಅಲ್ಲಿ ಇವನ ಹಲ್ಲ ನೋಡಿ ಹುಡುಗರು ನಗತಾವು. ಇಲ್ಲಿ ಯಾರೂ ನಗೂದಿಲ್ಲ. ಅಷ್ಟ."

ಪಾರೀಸಪ್ಪ ಸಂಜೆ ಬಾಹುಬಲಿಯನ್ನು ಕರೆದು, ಸೀಲು ಹಾಕಿದ ಮೇಲೆ ತಂಪು ನಿಂತಿದೆಯೇ ಎಂದು ತಾನೇ ಕೇಳಿದ.

"ಸದ್ಯಕ ಐತಿ," ಎಂದ ಬಾಹುಬಲಿ.

ಅಕ್ಷಯ ತದಿಗೆಯ ದಿನ ಬಸದಿಯಲ್ಲಿ ಆದಿನಾಥನಿಗೆ ಕಬ್ಬಿನ ಹಾಲಿನ ಅಭಿಷೇಕ. ಮನೆ ತುಂಬ ಬೀಗರು. ಹೂರಣ ರುಬ್ಬುವ ಗಡಿಬಿಡಿಯಲ್ಲಿ ರತ್ನಮಾಲಾ ತಾಸಿಗೊಮ್ಮೆ ಮಗನ ಮೈಗೆ ನೀರು ಸಿಂಪಡಿಸುವುದನ್ನು ಒಮ್ಮೆ ಮರೆತಳು. ಅದೇ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಅವಳು ಹೋಗಿ ನೋಡುವಾಗ ಅಜಿತ ಗೋಡೆಗೆ ಆತು ಕೂತಿದ್ದ. ಕಣ್ಣು ಕೆಂಪಾಗಿತ್ತು, ಕರೆದರೆ ಓ ಎನ್ನಲಿಲ್ಲ.

ಬಾಹುಬಲಿ ಗಾಡಿ ತೆಗೆದ. ರತ್ನಮಾಲಾ ಒದ್ದೆ ಧೋತರದಲ್ಲಿ ಸುತ್ತಿದ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದೆ ಕೂತಳು. ಚಂಪಾಬಾಯಿ ನೀರಿನ ಕೊಡ ಹಿಡಿದು ಹಿಂದೆ ಹತ್ತಿದಳು. ಏಸಿ ಹಚ್ಚಿದರು. ಊರು ದಾಟುವ ತನಕ ಸ್ವಲ್ಪ ತಂಪು ಬಂತು. ಆಮೇಲೆ ಅದೂ ಇಲ್ಲವಾಯಿತು.

"ರೀ, ಜೋರ ಮಾಡ್ರಿ."

ಬಾಹುಬಲಿ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಪೆಟ್ಟಿಗೆಯೊಳಗೆ ಏನೋ ಕರಕರ ಎಂದಿತು. ಬಾಯಿಯಿಂದ ಬಿಸಿಗಾಳಿಯೊಂದಿಗೆ ಉಣ್ಣೆಯ ಎಳೆಗಳು, ಕೆಂಪು ಸಿಪ್ಪೆಗಳು ಹಾರಿ ಬಂದು ಹುಡುಗನ ಒದ್ದೆ ಎದೆಗೆ ಅಂಟಿಕೊಂಡವು. ರತ್ನಮಾಲಾ ಒಂದನ್ನು ಬೆರಳಿಂದ ತೆಗೆದು ನೋಡಿದಳು.

"ಶೇಂಗಾ ಸಿಪ್ಪಿ. ಇದರಾಗ ಎಲ್ಲಿಂದ ಬಂತು?"

ಬಾಹುಬಲಿಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಚಂಪಾಬಾಯಿಯ ಕೈಯಲ್ಲಿದ್ದ ಕೊಡದ ನೀರು ತುಳುಕಿ ಅವಳ ಸೀರೆಯ ಮೇಲೆ ಸುರಿಯುತ್ತಿತ್ತು.

ಗಾಜು ಇಳಿಸಿದರು. ಪೀರನವಾಡಿ ಹತ್ತಿರ ಬಂದಾಗ ಹುಡುಗನ ಕೈಕಾಲು ಸೆಟೆದವು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಬಾಹುಬಲಿ ರಸ್ತೆ ಬದಿಯ ಮನೆಯೊಂದರ ಮುಂದೆ ಗಾಡಿ ನಿಲ್ಲಿಸಿದ. ಶಿವಲಿಂಗವ್ವ ಎಂಬ ಮುದುಕಿ ಬಾವಿಯ ಕಟ್ಟೆಯಲ್ಲಿ ಅರಿವೆ ಒಗೆಯುತ್ತಿದ್ದಳು. ಯಾರು, ಏನು ಎಂದು ಕೇಳಲಿಲ್ಲ.

"ಇಲ್ಲಿ ತಾ ಕೂಸಿನ್ನ. ಒಗಿಯೂ ಕಲ್ಲಿನ ಮ್ಯಾಲ ಹಾಕು. ನೀ ಸೇದು, ನಾ ಹಾಕತೇನಿ."

ಬಾಹುಬಲಿ ಕೊಡದ ಮೇಲೆ ಕೊಡ ಸೇದಿದ. ಮುದುಕಿ ಒಂದೇ ಸಮನೆ ಹುಡುಗನ ಮೈಮೇಲೆ ಸುರಿದಳು. ಸೆಟೆತ ಇಳಿಯಿತು. ನೀರು ಸುರಿಯುತ್ತಿದ್ದ ಮೈಯನ್ನೇ ಎತ್ತಿಕೊಂಡು ಆಸ್ಪತ್ರೆಗೆ ಹೋದರು.

ಅಜಿತ ಉಳಿದ. ಆದರೆ ಇದ್ದ ಹಾಗೆ ಉಳಿಯಲಿಲ್ಲ. ಬಲಗೈಯ ಹಿಡಿತ ಹೋಗಿತ್ತು. ಮಾತು ಒಂದೊಂದೇ ತಿರುಗಿ ಬರಬೇಕಾಯಿತು. ಬಂದ ಮೊದಲ ಮಾತು ನೀರು ಎಂದು.

ಮೂರನೆಯ ಸಂಜೆ ಆಸ್ಪತ್ರೆಯ ಪಡಸಾಲೆಯಲ್ಲಿ ಬಾಹುಬಲಿ ಬುತ್ತಿ ಬಿಚ್ಚಿದ. ಚಂಪಾಬಾಯಿ ಮುಟ್ಟಲಿಲ್ಲ. ಹೊತ್ತು ಇಳಿಯುತ್ತಿತ್ತು. ರತ್ನಮಾಲಾ, "ಊಟಾ ಮಾಡ್ರಿ ಅತ್ತೀ, ಆಮ್ಯಾಲ ನಿಮಗ ನಡ್ಯಾಂಗಿಲ್ಲ," ಎಂದಳು.

"ಶೇಂಗಾ ನಂದು," ಎಂದಳು ಚಂಪಾಬಾಯಿ.

"ಏನ್ರಿ?"

"ಪಂಜರದಾನ ಇಲಿ ನಾ ಗಾಡಿ ಶೆಡ್ಡಿನ್ಯಾಗ ಬಿಡತಿದ್ದೆ. ಹೊರಗ ಬಿಟ್ರ ಕಣ್ಣ ಮುಂದ ಬೆಕ್ಕ ಹಿಡೀತಿದ್ವು, ಕಾಗಿ ಕುಕ್ಕತಿದ್ವು. ಶೆಡ್ಡಿಗೆ ಬಾಗಲಾ ಐತಿ. ಅಂಜಿದ ಜೀವ ಅಂತ ಒಂದ ಹಿಡಿ ಶೇಂಗಾನೂ ಹಾಕತಿದ್ದೆ. ಗಾಡ್ಯಾಗ ಹೋಗತಾವು ಅಂತ ಖರೇನ ತಿಳೀಲಿಲ್ಲವಾ."

ರತ್ನಮಾಲಾ ಬುತ್ತಿಯ ಗಂಟು ಮತ್ತೆ ಕಟ್ಟಿದಳು. ಮಾತಾಡಿದಾಗ ದನಿ ಏರಲಿಲ್ಲ.

"ಇಲೀಗೆ ಇರಾಕ ಜಾಗಾ ಊರ ತುಂಬ ಇತ್ತರಿ ಅತ್ತೀ. ನಿಮ್ಮ ಮೊಮ್ಮಗಗ ಅದೊಂದ ಇತ್ತು."

ಬುತ್ತಿ ಹಾಗೇ ಉಳಿಯಿತು. ಅಂದಿನಿಂದ ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಳು. ಪಾರೀಸಪ್ಪನಿಗೆ ವಿಷಯ ತಿಳಿದಾಗ ಅವನು ಹೆಂಡತಿಗೆ ಏನೂ ಅನ್ನಲಿಲ್ಲ. ಗುರುಪುತ್ರಪ್ಪನನ್ನು ಕಳ್ಳ ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಿದ್ದು ಅವನಿಗೆ ನೆನಪಾಗಿರಬೇಕು, ಇಲಿಯ ಸಂಗತಿಯನ್ನು ಮಗನ ಕೈಯಲ್ಲಿ ಆಟೋ ನಗರಕ್ಕೆ ಹೇಳಿ ಕಳಿಸಿದ.

ಹುಡುಗ ಮನೆಗೆ ಬಂದ ಮೇಲೆ ಗುರುಪುತ್ರಪ್ಪ ಸಾಮಾನಿನ ಚೀಲ ಹೊತ್ತು ತಾನೇ ಬಸ್ಸಿನಲ್ಲಿ ಖಾನಾಪುರಕ್ಕೆ ಬಂದ. ಪುಣೆಯ ಸುದ್ದಿ ತೆಗೆಯಲಿಲ್ಲ. ಉಣ್ಣೆಯ ಪಟ್ಟಿ ಬಿಚ್ಚಿದ. ಒಳಗೆ ರಬ್ಬರ್ ನಳಿಗೆಯ ತುಂಬ ಹಲ್ಲಿನ ಗುರುತು, ಒಂದೆಡೆ ಸೂಜಿ ಮೊನೆಯಷ್ಟು ತೂತು.

"ನಾನ ಸುತ್ತಿದ್ದು. ನಾನ ಬಿಚ್ಚಿ ನೋಡಬೇಕಿತ್ತರಿ ಸಾವಕಾರ್ರ," ಎಂದ. "ನೋಡಲಿಲ್ಲ."

ಪಾರೀಸಪ್ಪ, "ಆತು, ಮುಂದಿನದು ನೋಡು," ಎಂದಷ್ಟೇ ಹೇಳಿದ.

ಗುರುಪುತ್ರಪ್ಪ ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆಗೆದ. ಒಂದು ಇಲಿ ಹೊರಕ್ಕೆ ಜಿಗಿದು ಓಡಿತು. ಪಂಖದ ಬದಿಯಲ್ಲಿ ಉಣ್ಣೆಯ ಗೂಡು. ಅದರಲ್ಲಿ ಕಣ್ಣು ತೆರೆಯದ ಐದಾರು ಮರಿಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ಮೈಮೇಲೆ ಕೂದಲಿರಲಿಲ್ಲ.

"ಏನ ಮಾಡ್ಲಿ ಇವನ್ನ?"

ಎಲ್ಲರೂ ಚಂಪಾಬಾಯಿಯ ಕಡೆ ನೋಡಿದರು. ಅವಳು ಶೆಡ್ಡಿನ ಬಾಗಿಲು ಹಿಡಿದು ನಿಂತಿದ್ದಳು.

"ತಗದ ಒಗೀರಿ," ಎಂದಳು. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅವಳ ಬಾಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ.

"ಬ್ಯಾಡ್ರಿ," ಎಂದಳು ರತ್ನಮಾಲಾ. ಅಡುಗೆಮನೆಯಿಂದ ಮೊರ ತಂದು, ಗೂಡನ್ನು ಎಳೆ ಚದುರದಂತೆ ಅದರಲ್ಲಿ ಇರಿಸಿದಳು. ತಾಯಿ ಇಲಿ ಓಡಿದ ಕಡೆಗೇ ಹೋಗಿ, ಭಟ್ಟಿಯ ಕಟ್ಟಿಗೆ ರಾಶಿಯ ಸಂದಿಯಲ್ಲಿ ಇಟ್ಟು ಬಂದಳು. ಅವಳಿಗೆ ಅವುಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಉಸಿರು ಎಣಿಸುತ್ತ ಕೂತು ಬಂದವಳಿಗೆ ಇನ್ನೊಂದು ಉಸಿರು ನಿಲ್ಲುವುದನ್ನು ನೋಡಲು ಆಗಲಿಲ್ಲ. ಮೊರವನ್ನು ಝಾಡಿಸಿ ಅತ್ತೆಯ ಮುಂದೆ ನಿಂತಳು.

"ಇನ್ನ ಈ ಶೆಡ್ಡಿನ್ಯಾಗ ಒಂದ ಕಾಳ ಬೀಳಬಾರದು."

"ಇಲ್ಲವಾ," ಎಂದಳು ಚಂಪಾಬಾಯಿ.

ಮರುದಿನ ಅವಳು ಬಸದಿಗೆ ಹೋಗಿ ಎರಡು ತ್ಯಾಗ ಹೇಳಿ ಬಂದಳು. ಬದುಕಿರುವ ತನಕ ಶೇಂಗಾ ತಿನ್ನುವುದಿಲ್ಲ. ಬದುಕಿರುವ ತನಕ ಆ ಗಾಡಿಯಲ್ಲಿ ಕೂರುವುದಿಲ್ಲ. ಇಲಿ ಬಿದ್ದ ದಿನ ಪಂಜರ ಹಿಡಿದು, ಮೊಣಕಾಲು ನೋವು ಎಳೆದುಕೊಂಡು, ಮಲಪ್ರಭೆಯ ದಂಡೆಯ ತನಕ ನಡೆದು ಹೋಗಿ ಪೊದೆಯಲ್ಲಿ ಬಿಟ್ಟು ಬರತೊಡಗಿದಳು. ಶೆಡ್ಡಿನ ಕಡೆ ಹಾಯಲಿಲ್ಲ. ಅತ್ತೆ ಸೊಸೆಯರ ನಡುವೆ ಉಪ್ಪು, ಹಿಟ್ಟು, ನೀರು ಎನ್ನುವಷ್ಟು ಮಾತು ಮಾತ್ರ ನಡೆಯುತ್ತಿತ್ತು. ಸೊಸೆ ಶೇಂಗಾ ಚಟ್ನಿ ಅರೆಯುವುದನ್ನೇ ಬಿಟ್ಟಳು. ಅದು ಸಿಟ್ಟಿಗೋ ಮರುಕಕ್ಕೋ ಯಾರಿಗೂ ತಿಳಿಯಲಿಲ್ಲ.

ಮುಂದಿನ ಬೇಸಿಗೆ ಬಂತು. ಗುರುಪುತ್ರಪ್ಪ ಹೊಸ ನಳಿಗೆ ಹಾಕಿ ಹೋದ ಏಸಿ ಮಳೆಗಾಲ, ಚಳಿಗಾಲ ದಾಟಿಯೂ ತಂಪು ಕಾರುತ್ತಿತ್ತು. ಏಪ್ರಿಲಿನ ಒಂದು ದಿನ ಡಾಕ್ಟರಿಗೆ ತೋರಿಸಲು ಹೊರಟರು. ಬಿಸಿಲು ಆಗಲೇ ಏರಿತ್ತು. ಬಾಹುಬಲಿ ಗಾಡಿ ಹಚ್ಚಿದ್ದ, ರತ್ನಮಾಲಾ ಮುಂದೆ ಕೂತಿದ್ದಳು, ಅಜಿತ ಹಿಂದಿನ ಸೀಟಿನಲ್ಲಿದ್ದ. ಅದೇ ಹೊತ್ತಿಗೆ ಚಂಪಾಬಾಯಿ ಸೆರಗು ಮುಚ್ಚಿದ ಪಂಜರ ಹಿಡಿದು ಹಿಂಬಾಗಿಲಿನಿಂದ ಹೊರಗೆ ಬಂದಳು.

ಅಜಿತ ಎಡಗೈಯಿಂದ ಹಿಡಿಕೆ ತಿರುಗಿಸಿ ಗಾಜು ಇಳಿಸಿ ಅಜ್ಜಿಯನ್ನು ಕರೆದ.

"ಆಯೀ, ಬಾ. ತಂ...ಪೈತಿ."

"ನೀ ಹೋಗಿ ಬಾ ನನ್ನಪ್ಪಾ. ಗಾಜ ಏರಸು."

"ಬಾ."

"ಗಾಜ ಏರಸೋ, ಬಿಸಿಲು ಬರತೈತಿ," ಬಾಹುಬಲಿ ಹಿಂದೆ ತಿರುಗಿ ಗಾಜು ಏರಿಸಿದ. ಹುಡುಗ ಮತ್ತೆ ಇಳಿಸಿದ. ಪಕ್ಕದ ಸೀಟನ್ನು ಹಿಡಿತವಿಲ್ಲದ ಬಲಗೈಯಿಂದ ತಟ್ಟಿದ.

"ಆಯೀ, ಇಲ್ಲಿ."

ಒಳಗಿನ ತಂಪು ಹೊರಗೆ ಬಂದು ಚಂಪಾಬಾಯಿಯ ಮುಖಕ್ಕೆ ತಾಗುತ್ತಿತ್ತು. ಹುಡುಗನ ಕೆನ್ನೆ ಆಗಲೇ ಕೆಂಪಾಗುತ್ತಿತ್ತು. ಅವಳು ಅಲ್ಲಿಂದ ದೂರ ಸರಿದಳು. ಅಜಿತ ಅರ್ಧ ಮೈಯನ್ನು ಕಿಟಕಿಯಿಂದ ಹೊರಗೆ, ಬಿಸಿಲಿಗೆ ಚಾಚಿದ.

ರತ್ನಮಾಲಾ ಬಾಗಿಲು ತೆಗೆದು ಇಳಿದಳು.

"ಹತ್ತರಿ ಅತ್ತೀ."

"ತ್ಯಾಗಾ ಮಾಡೇನಿ ಅಲ್ಲವಾ. ದೇವರ ಮುಂದ ಹೇಳಿ ಬಂದೇನಿ."

"ಹೇಳೀರಿ. ನೀವು ಹೊರಗ ನಿಂತಷ್ಟ ಹೊತ್ತು ಅವ ಗಾಜ ಏರಸೂದಿಲ್ಲ. ಕಾಯತೈತಿ ಕೂಸು."

ಚಂಪಾಬಾಯಿ ಕೈಯಲ್ಲಿದ್ದ ಪಂಜರ ನೋಡಿದಳು. ಸೆರಗಿನ ಒಳಗೆ ಇಲಿ ತಂತಿ ಕೆರೆಯುತ್ತಿತ್ತು.

"ಇದು ಐತಲ್ಲವಾ ಕೈಯಾಗ. ಇದನ್ನ ಹೆಂಗ ನಿನ್ನ ಗಾಡ್ಯಾಗ..."

ರತ್ನಮಾಲಾ ಹಿಂದಿನ ಬಾಗಿಲು ತೆರೆದು ಹಿಡಿದಳು.

"ತೊಡಿ ಮ್ಯಾಲ ಇಟಗೋರಿ. ಬಾಗಲಾ ಗಟ್ಟಿ ಹಿಡೀರಿ. ಮೊದಲ ಹೊಳೀಗೆ ಹೋಗಿ ಬಿಟ್ಟ, ಆಮ್ಯಾಲ ಬೆಳಗಾಂವಿಗೆ ಹೋಗೂಣು."

ಚಂಪಾಬಾಯಿ ಚಪ್ಪಲಿ ಕಳಚಿ, ಬಸದಿಯ ಹೊಸ್ತಿಲು ದಾಟುವವಳ ಹಾಗೆ ತಲೆ ಬಾಗಿಸಿ ಒಳಗೆ ಹತ್ತಿದಳು. ಅಜಿತ ಅವಳ ಮೈಗೆ ಒರಗಿ ಪಂಜರದೊಳಗೆ ಇಣುಕಿದ. ರತ್ನಮಾಲಾ ಹೊರಗೆ ಬಿದ್ದ ಚಪ್ಪಲಿ ಎತ್ತಿ ಅತ್ತೆಯ ಕಾಲ ಬಳಿ ಇಟ್ಟು ಬಾಗಿಲು ಹಾಕಿದಳು.

"ಗಾಜ ಏರಸು ಇನ್ನ," ಎಂದಳು ಚಂಪಾಬಾಯಿ.

ಹುಡುಗನ ಕೈಗೆ ಅದು ಒಮ್ಮೆಲೇ ಬರಲಿಲ್ಲ. ಅವಳು ಒಂದು ಕೈಯಲ್ಲಿ ಪಂಜರದ ಬಾಗಿಲು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಅವನ ಕೈಯ ಮೇಲಿಟ್ಟು ಹಿಡಿಕೆ ತಿರುಗಿಸಿದಳು. ಗಾಜು ಮೇಲಿನ ತನಕ ಏರಿತು.